ಮನೆಯಲ್ಲೇ ಎರಕ ಹೊಯ್ದ ಜಿಗ್‌ಗಳಿಗೆ ಪೌಡರ್ ಬಣ್ಣ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಮೂಲತಃ ಹೊನ್ನಾವರದ ಕಡೆಯವನಾದ ನಾನು ಆರು ವರ್ಷಗಳಿಂದ ಅಮೆರಿಕದ ಮಿನ್ನೆಸೋಟಾದಲ್ಲಿದ್ದು, ರಜೆಯ ದಿನಗಳಲ್ಲಿ ಇಲ್ಲಿನ ಕೆರೆಗಳಲ್ಲಿ ಕ್ರಾಪಿ ಮತ್ತು ವಾಲ್‌ಐ ಮೀನುಗಳಿಗೆ ಗಾಳ ಹಾಕುತ್ತೇನೆ. ಈ ಚಳಿಗಾಲದಲ್ಲಿ ಅಚ್ಚು ತಂದು ಜಿಗ್‌ಗಳನ್ನು, ಅಂದರೆ ಗಾಳದ ಕೊರಳಿಗೆ ಸೀಸದ ತಲೆಯಿರುವ ಗಾಳಗಳನ್ನು, ನಾನೇ ಎರಕ ಹೊಯ್ದೆ. ಮೇಣದಬತ್ತಿಯ ಮೇಲೆ ಕಾಯಿಸಿ ಪೌಡರ್ ಬಣ್ಣದಲ್ಲಿ ಅದ್ದಿದಾಗ ಬಣ್ಣವೇನೋ ಹಿಡಿಯಿತು. ಆದರೆ ಮೊದಲ ಬಂಡೆಗೆ ತಾಗಿದ ಕೂಡಲೇ ಚಕ್ಕೆಯಾಗಿ ಎದ್ದುಹೋಯಿತು. ಬಿಳಿಯ ಜಿಗ್‌ಗಳು ಹೊಗೆ ಹಿಡಿದಂತೆ ಕಾಣುತ್ತವೆ, ಕೆಲವಕ್ಕೆ ಗಲ್ಲದ ಕೆಳಗೆ ಹನಿ ಕಟ್ಟಿದೆ. ಎಲ್ಲಿ ತಪ್ಪಿದೆ?

ಉತ್ತರ: ನಮಸ್ಕಾರ. ಪೀಣ್ಯದಲ್ಲಿ ಇಪ್ಪತ್ತು ವರ್ಷಗಳಿಂದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಾಮಾನುಗಳಿಗೆ ಪೌಡರ್ ಕೋಟಿಂಗ್ ಮಾಡಿಸುತ್ತಿರುವ ನನಗೆ ಮೀನು ಹಿಡಿಯುವುದು ಗೊತ್ತಿಲ್ಲ, ಪೌಡರ್ ಗೊತ್ತು. ನಿಮ್ಮ ಮೂರು ದೂರುಗಳೂ ಬಿಸಿಗೆ ಸಂಬಂಧಿಸಿದವು.

ಚಕ್ಕೆ ಏಳುವುದಕ್ಕೆ ಕಾರಣ, ನೀವು ಬೇಯಿಸಿಲ್ಲ. ಅದ್ದಿದಾಗ ಪೌಡರ್ ಕರಗಿ ಅಂಟುತ್ತದೆ ಅಷ್ಟೆ. ಅದರೊಳಗಿನ ರಾಳದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವುದು ಓವನ್‌ನಲ್ಲಿ. ಜಿಗ್‌ಗೆಂದು ಮಾರುವ ಪೌಡರ್‌ಗಳಿಗೆ ಸಾಮಾನ್ಯವಾಗಿ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 20 ನಿಮಿಷ ಬೇಕು. ಲೆಕ್ಕ ಶುರುವಾಗಬೇಕಾದದ್ದು ಲೋಹ ಆ ಬಿಸಿಗೆ ಬಂದ ಮೇಲೆ, ಒಳಗಿಟ್ಟ ಕ್ಷಣದಿಂದಲ್ಲ. ನಮ್ಮ ಕಾರ್ಖಾನೆಗೆ ಬರುವ ಹೊಸ ಹುಡುಗರೂ ಇದೇ ತಪ್ಪು ಮಾಡುತ್ತಾರೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಾದ್ದರಿಂದ ಆ ಭಯ ಬೇಡ. ಆದರೆ ಚಿಕ್ಕ ಟೋಸ್ಟರ್ ಓವನ್‌ಗಳ ತಿರುಗಣೆಯನ್ನು ನಂಬದೆ ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ಜಿಗ್‌ಗಳನ್ನು ತಂತಿಗೆ ನೇತುಹಾಕಿ, ಒಂದಕ್ಕೊಂದು ತಾಗದಿರಲಿ. ಬೆಂದಿದೆಯೇ ಎಂದು ನೋಡಲು, ಆರಿದ ಒಂದು ಜಿಗ್ಗನ್ನು ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಹತ್ತಾರು ಸಲ ಉಜ್ಜಿ. ಹತ್ತಿಗೆ ತುಸು ಬಣ್ಣ ಬಂದರೆ ಚಿಂತೆಯಿಲ್ಲ; ಮೇಲ್ಮೈ ಅಂಟಂಟಾಗಿ ಬಣ್ಣ ಕಿತ್ತು ಬಂದರೆ ಬೆಂದಿಲ್ಲ.

ಬಿಳಿಯ ಮೇಲಿನ ಹೊಗೆ ಮೇಣದಬತ್ತಿಯ ಮಸಿ. ಹೀಟ್ ಗನ್ ಬಳಸಿ. ಜಿಗ್ಗನ್ನು ಇಕ್ಕಳದಲ್ಲಿ ಗಾಳದ ಕಡೆಯಿಂದ ಹಿಡಿದು, ಸೀಸದ ತಲೆಯನ್ನಷ್ಟೇ ತಿರುಗಿಸುತ್ತಾ ಕಾಯಿಸಿ, ಗಾಳಿಯಿಂದ ಆಚೆ ತಂದು ಪೌಡರ್‌ನೊಳಗೆ ಒಂದೇ ಒಂದು ಸೆಕೆಂಡ್ ಆಡಿಸಿ ತೆಗೆಯಿರಿ. ತೆಗೆದಾಗ ಮೇಲ್ಮೈ ಮರಳುಕಾಗದದಂತೆ ಮಂಕಾಗಿದ್ದು, ನೀವು ನೋಡುತ್ತಿದ್ದಂತೆಯೇ ಮೂರು ನಾಲ್ಕು ಸೆಕೆಂಡ್‌ಗಳಲ್ಲಿ ಒದ್ದೆಯಾದ ಕಲ್ಲಿನಂತೆ ಹೊಳಪೇರಿದರೆ ಬಿಸಿ ಹದವಾಗಿತ್ತು ಎಂದರ್ಥ. ಹೊರಬರುವಾಗಲೇ ಹೊಳೆಯುತ್ತಿದ್ದರೆ ಬಿಸಿ ಹೆಚ್ಚಾಗಿದೆ, ದಪ್ಪಗೆ ಹಿಡಿದಿದೆ, ಓವನ್‌ನಲ್ಲಿ ಅದೇ ಹನಿಯಾಗಿ ಇಳಿಯುತ್ತದೆ. ಮಂಕಾಗಿಯೇ ಉಳಿದರೆ ಮತ್ತೆ ಅದ್ದಬೇಡಿ. ತುಸು ಕಾಯಿಸಿದರೆ ಸಾಕು.

ಡಬ್ಬಿಯಲ್ಲಿ ಅದುಮಿಕೊಂಡು ಕುಳಿತ ಪೌಡರ್ ಎಂದಿಗೂ ಸಮನಾಗಿ ಹಿಡಿಯದು. ಮುಚ್ಚಳ ಭದ್ರಪಡಿಸಿ ಕುಲುಕಿ ಸಡಿಲಿಸುವುದು ಆರಂಭಕ್ಕೆ ಸಾಕು. ಮುಂದೆ ಫ್ಲೂಯಿಡ್ ಬೆಡ್ ಮಾಡಿಕೊಳ್ಳಬಹುದು: ಪ್ಲಾಸ್ಟಿಕ್ ಕೊಳವೆಯ ತಳಕ್ಕೆ ಗಾಳಿಯಾಡುವ ಕಾಗದ ಬಿಗಿದು, ಕೆಳಗಿನಿಂದ ಅಕ್ವೇರಿಯಂ ಪಂಪಿನ ಗಾಳಿಯನ್ನು ಮೆಲ್ಲಗೆ ಬಿಡುವುದು. ಸಣ್ಣ ಉರಿಯ ಮೇಲೆ ಗಂಜಿ ಮಿಸುಕುವಷ್ಟು ಪೌಡರ್ ಅಲುಗಿದರೆ ಸಾಕು. ಅಂದಹಾಗೆ, 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ರೂಪಿಸಿದ ವಿಧಾನವೇ ಇದು. ನಾವೀಗ ವಿದ್ಯುತ್ ಗನ್ನಿನಿಂದ ಸಿಂಪಡಿಸುವುದು ಆಮೇಲೆ ಬಂದದ್ದು.

ಇನ್ನೊಬ್ಬರ ಪ್ರಶ್ನೆ: ಅಡುಗೆಮನೆಯ ಓವನ್‌ನಲ್ಲೇ ಬೇಯಿಸಬಹುದೇ ಸರ್? ಆಮೇಲೆ ಚೆನ್ನಾಗಿ ತೊಳೆದರಾಯಿತಲ್ಲ?

ಉತ್ತರ: ಬೇಡಮ್ಮ. ಹಳೆಯ ಟೋಸ್ಟರ್ ಓವನ್ ಒಂದನ್ನು ಇದಕ್ಕೇ ಮೀಸಲಿಟ್ಟು ಗ್ಯಾರೇಜಿನಲ್ಲಿ ಬಾಗಿಲು ತೆರೆದು ಬಳಸಿ, ಮುಂದೆಂದೂ ಅದರಲ್ಲಿ ತಿನ್ನುವ ಪದಾರ್ಥ ಇಡಬೇಡಿ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಪೌಡರ್ ಬಳಸುವಾಗ ಮಾಸ್ಕ್ ಇರಲಿ. ಗಾಳಿಯಲ್ಲಿ ಎದ್ದ ಪೌಡರ್‌ಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹತ್ತಿರದಲ್ಲಿ ದೀಪ, ಮೇಣದಬತ್ತಿ ಕೂಡದು.

ಮರುಪ್ರಶ್ನೆ (ಮಿನ್ನೆಸೋಟಾದಿಂದ): ಸರ್, ಈಗ ಬಣ್ಣ ಬಂಡೆಗೂ ಜಗ್ಗುತ್ತಿಲ್ಲ. ಇನ್ನೊಂದು ಸಂದೇಹ. ಇಲ್ಲಿನ ರಾಜ್ಯಪಕ್ಷಿ ಲೂನ್ ಸೀಸದ ಜಿಗ್ ನುಂಗಿ ಸಾಯುತ್ತದೆಂಬ ಕಾರಣಕ್ಕೆ ಅನೇಕರು ಸೀಸ ಬಿಡುತ್ತಿದ್ದಾರೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1 ಔನ್ಸ್ ಮತ್ತು ಅದಕ್ಕಿಂತ ಹಗುರವಾದ ಸೀಸದ ಜಿಗ್‌ಗಳಿಗೆ ನಿಷೇಧವೇ ಇದೆ. ಬಿಸ್ಮತ್ ಮತ್ತು ತವರದ ಮಿಶ್ರಣ ತರಿಸಿದ್ದೇನೆ. ಬಣ್ಣದ ಕ್ರಮ ಇದೇ ತಾನೇ? ಹಾಗೆಯೇ, ಎರಡು ಜಿಗ್‌ಗಳಲ್ಲಿ ದಾರ ಪೋಣಿಸುವ ಕಣ್ಣು ಬಣ್ಣದಿಂದ ಮುಚ್ಚಿಹೋಗಿದೆ.

ಉತ್ತರ: ಅದನ್ನು ಓವನ್‌ಗೆ ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. 58 ಪಾಲು ಬಿಸ್ಮತ್, 42 ಪಾಲು ತವರದ ಮಿಶ್ರಣ 138 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. 177 ಡಿಗ್ರಿಯ ಓವನ್‌ನಲ್ಲಿ ಗಾಳಗಳು ತಂತಿಯಲ್ಲಿ, ತಲೆಗಳು ತಟ್ಟೆಯಲ್ಲಿ ಸಿಗುತ್ತವೆ. ಅದಕ್ಕೆ ತಣ್ಣಗೆ ಒಣಗುವ ವಿನೈಲ್ ಬಣ್ಣವೇ ಸರಿ. ಪೌಡರ್ ಬಣ್ಣವೇ ಬೇಕೆಂದರೆ ಶುದ್ಧ ತವರದಲ್ಲಿ ಎರಕ ಹೊಯ್ಯಿರಿ: ಅದು ಕರಗುವುದು 232 ಡಿಗ್ರಿಯಲ್ಲಿ. ಆದರೆ ಸೀಸಕ್ಕಿಂತ ಹಗುರ. ಅದೇ ಅಚ್ಚಿನಲ್ಲಿ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ ತೂಕ ಬರುತ್ತದೆ, ಒಂದಳತೆ ದೊಡ್ಡ ಅಚ್ಚು ಬೇಕಾಗಬಹುದು.

ಕಣ್ಣನ್ನು ಬಿಡಿಸಬೇಕಾದದ್ದು ಅದ್ದಿದ ತಕ್ಷಣ, ಬಣ್ಣ ಮೆತ್ತಗಿರುವಾಗ, ದಪ್ಪ ಸೂಜಿಯಿಂದ ಒಮ್ಮೆ ಚುಚ್ಚಿ. ಬೆಂದು ಗಟ್ಟಿಯಾದ ಆ ಎರಡಕ್ಕೆ ಹಳೆಯ ಗಾಳದ ಮೊನೆಯನ್ನು ಎರಡೂ ಬದಿಯಿಂದ ನಿಧಾನವಾಗಿ ತಿರುಗಿಸಿ ಕೊರೆಯಿರಿ. ಅಂಚಿನಲ್ಲಿ ಬಣ್ಣದ ಚೂರು ಉಳಿದರೆ ದಾರವನ್ನು ಸವೆಸೀತು, ಕಟ್ಟುವ ಮುನ್ನ ಬೆಳಕಿಗೆ ಹಿಡಿದು ನೋಡಿ.