1:24 ಸ್ಕೇಲಿನಲ್ಲಿ 1940ರ ಟೆಕ್ಸಾಕೊ ಬಂಕ್: ಗೋಡೆ, ಪಿಂಗಾಣಿ ಫಲಕ, ಗಾಜು, ದೀಪ

ಎರಡುಬಾಗಿಲು (ಪ್ರಶ್ನೆ)

ಟೆಕ್ಸಾಕೊ ಕಂಪನಿಗೆ ವಿನ್ಯಾಸಕಾರ ವಾಲ್ಟರ್ ಡೋರ್ವಿನ್ ಟೀಗ್ 1930ರ ದಶಕದ ಕೊನೆಯಲ್ಲಿ ರೂಪಿಸಿಕೊಟ್ಟ ಬಿಳಿ ಬಂಕ್ ಇದೆಯಲ್ಲ, ಚಪ್ಪಟೆ ತಾರಸಿ, ಮೇಲಂಚಿನಲ್ಲಿ ಮೂರು ಹಸಿರು ಪಟ್ಟೆ, ಕೆಂಪು ನಕ್ಷತ್ರ, ಅದರ ಮಾದರಿಯನ್ನು 1:24ರಲ್ಲಿ (ನಿಜ ಅಳತೆಯ 24ರಲ್ಲಿ ಒಂದು ಪಾಲು) ಕಟ್ಟುವ ಯೋಜನೆ. ಕಾಲ 1940. ಒಂದು ಆಫೀಸು, ಎರಡು ಸರ್ವಿಸ್ ಬೇ (ರಿಪೇರಿಗೆ ಕಾರು ನಿಲ್ಲಿಸುವ ಅಂಕಣ), ಮುಂದೆ ಎರಡು ಪಂಪು. ತಳಹಲಗೆ 600 × 450 ಮಿ.ಮೀ. ಮಾತ್ರ. ಕಿಟ್ ಇಲ್ಲ, ಎಲ್ಲವೂ ಕೈಕೆಲಸ. ಕಟ್ಟಡದ ನಕ್ಷೆ ಸಿಕ್ಕಿಲ್ಲ, ಹಳೆಯ ಫೋಟೊಗಳಷ್ಟೇ ಇವೆ.

ಫೋಟೊದಿಂದ ಅಳತೆ ಇಳಿಸುವುದು ಹೇಗೆ? ಗೋಡೆಗೆ 5 ಮಿ.ಮೀ. ಫೋಮ್‌ಬೋರ್ಡ್ ಸಾಕೇ, ಸ್ಟೈರೀನೇ (ಪ್ಲಾಸ್ಟಿಕ್ ಹಾಳೆ) ಬೇಕೇ? ಫೋಮ್‌ಬೋರ್ಡಿನ ಮಾದರಿ ತುಂಡಿಗೆ ಒಂದು ಕಡೆ ಕಾಗದ ಅಂಟಿಸಿದರೆ ಬಿಲ್ಲಿನಂತೆ ಬಾಗುತ್ತಿದೆ. ಪಿಂಗಾಣಿ ಲೇಪದ ತಗಡಿನ ಫಲಕಗಳ ಸಂದು ಗೀರಿದರೆ ಚೆನ್ನವೋ, ಬಿಡಿ ಫಲಕ ಅಂಟಿಸಿದರೆ ಚೆನ್ನವೋ? ಬೇ ಬಾಗಿಲುಗಳ ಗಾಜು ಮಂಜಾಗದಂತೆ ಕೂರಿಸುವುದು ಹೇಗೆ? ದೀಪವೂ ಉರಿಯಬೇಕು.

ಅಡಿಕೋಲು

ಮೊದಲು ಜಾಗದ ಲೆಕ್ಕ, ಏಕೆಂದರೆ ನಿಮ್ಮ ಹಲಗೆ ಚಿಕ್ಕದು.

ಫೋಟೊದಲ್ಲಿ ಆಫೀಸಿನ ಬಾಗಿಲನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಅಮೆರಿಕದ ಸಾಮಾನ್ಯ ಬಾಗಿಲು 6 ಅಡಿ 8 ಇಂಚು, 1:24ರಲ್ಲಿ 84.7 ಮಿ.ಮೀ. ಬಾಗಿಲಿನ ಎತ್ತರಕ್ಕೆ ಎಷ್ಟು ಫಲಕದ ಸಾಲು ಬರುತ್ತದೆ ಎಂದು ಎಣಿಸಿದರೆ ಫಲಕದ ಎತ್ತರ, ಅದರಿಂದ ಗೋಡೆಯ ಎತ್ತರ, ಹಸಿರು ಪಟ್ಟೆಗಳ ಅಗಲ ಎಲ್ಲ ಸಿಗುತ್ತದೆ. ಕ್ಯಾಮೆರಾಕ್ಕೆ ನೇರ ಮುಖ ಮಾಡಿದ ಗೋಡೆಯಲ್ಲಿ ಮಾತ್ರ ಅಳೆಯಿರಿ. ಓರೆಯಾಗಿ ಕಾಣುವ ಗೋಡೆಯಲ್ಲಿ ಎತ್ತರ ಬೇಕಾದರೆ ಬಾಗಿಲಿಗೆ ಅಂಟಿಕೊಂಡ ಭಾಗದಲ್ಲಷ್ಟೇ ನಂಬಬಹುದು, ದೂರ ಹೋದಂತೆ ಕುಗ್ಗುತ್ತದೆ.

ಬೇ ಬಾಗಿಲು 10 ಅಡಿ ಅಗಲ ಎಂದುಕೊಂಡರೆ 127 ಮಿ.ಮೀ. ಒಂದೊಂದು ಬೇಗೆ 14 ಅಡಿ, ಆಫೀಸಿಗೆ 14 ಅಡಿ ಹಿಡಿದರೆ ಕಟ್ಟಡದ ಅಗಲ 42 ಅಡಿ, ಅಂದರೆ 533 ಮಿ.ಮೀ. ಅಗಲ ಸರಿಹೋಯಿತು. ತೊಂದರೆ ಆಳದ್ದು. 26 ಅಡಿ ಆಳದ ಕಟ್ಟಡಕ್ಕೆ 330 ಮಿ.ಮೀ. ಬೇಕು, ನಿಮಗೆ ಉಳಿಯುವುದು 120. ಅದರಲ್ಲಿ ಪಂಪು ನಿಂತರೆ ಕಾರು ನಿಲ್ಲದು.

ಹಾಗಾಗಿ ಕಟ್ಟಡದ ಆಳವನ್ನು 240ಕ್ಕೆ ಇಳಿಸಿ. ಆ ಕಾಲದ 15 ಅಡಿಯ ಕಾರು 190 ಮಿ.ಮೀ., ಒಳಗೆ ಒಂದು ನಿಲ್ಲುತ್ತದೆ, ಹಿಂಗೋಡೆಗೆ ಕೆಲಸದ ಬೆಂಚೂ ಹಿಡಿಯುತ್ತದೆ. ಮುಂದೆ 12 ಅಡಿಯ ಒಂದು ದಾರಿಗೆ 152, ಪಂಪಿನ ಕಟ್ಟೆಗೆ 38. ಒಟ್ಟು 430. ಹಲಗೆಯನ್ನು ಕಟ್ಟೆಯ ಹೊರ ಅಂಚಿಗೇ ಮುಗಿಸಿಬಿಡಿ, ರಸ್ತೆ ಕಡೆಯ ದಾರಿ ಕಾಣದಿದ್ದರೂ ನಷ್ಟವಿಲ್ಲ. ಕುಗ್ಗಿಸುವುದಾದರೆ ಆಳವನ್ನೇ ಕುಗ್ಗಿಸಬೇಕು. ಬಾಗಿಲು, ಪಂಪು, ಕಟ್ಟೆಯ 6 ಇಂಚಿನ ಎತ್ತರ (6.4 ಮಿ.ಮೀ.) ಇವನ್ನು ಮುಟ್ಟಬೇಡಿ. ಪಕ್ಕದಲ್ಲಿ ಕಾರು ನಿಂತ ಕೂಡಲೇ ಕಣ್ಣು ಅವನ್ನೇ ಹೋಲಿಸುತ್ತದೆ.

ಕಾರು 1:25ರದ್ದಾದರೂ ನಡೆಯುತ್ತದೆ, ವ್ಯತ್ಯಾಸ ಶೇ. 4.

ಸ್ಟೈರೀನ್_ಸೀನ

ಫೋಮ್‌ಬೋರ್ಡ್ ಈ ಕಟ್ಟಡಕ್ಕೆ ಬೇಡ. ಒಂದು ಬದಿಗೆ ನೀರಿನಂಶದ ಅಂಟು ತಗುಲಿದರೆ ಆ ಬದಿಯ ಕಾಗದ ಮೊದಲು ಹಿಗ್ಗಿ, ಒಣಗುವಾಗ ಕುಗ್ಗಿ ಎಳೆಯುತ್ತದೆ. ಎರಡೂ ಬದಿಗೆ ಒಂದೇ ಹೊತ್ತಿಗೆ ಕಾಗದ ಅಂಟಿಸಿ ಭಾರ ಹೇರಿದರೆ ಬಾಗು ನಿಲ್ಲುತ್ತದೆ ನಿಜ. ಆದರೆ ಕತ್ತರಿಸಿದ ಅಂಚಿಗೆ ಸ್ಪ್ರೇ ಪ್ರೈಮರ್ ಬಿದ್ದರೆ ಒಳಗಿನ ಫೋಮ್ ಕರಗುತ್ತದೆ. ಗಾರೆ ಗೋಡೆಯ ಹಳ್ಳಿ ಗ್ಯಾರೇಜಾದರೆ ಅದನ್ನೂ ಮುಚ್ಚಬಹುದಿತ್ತು, ಪಿಂಗಾಣಿ ಫಲಕ ಒಂದು ಡೊಂಕನ್ನೂ ಮರೆಸುವುದಿಲ್ಲ.

ಗೋಡೆಯನ್ನು ಟೊಳ್ಳು ಪೆಟ್ಟಿಗೆಯಂತೆ ಮಾಡಿ. ಒಳಕ್ಕೊಂದು ಹೊರಕ್ಕೊಂದು 1.5 ಮಿ.ಮೀ. ಸ್ಟೈರೀನ್ ಹಾಳೆ, ನಡುವೆ 4.8 ಮಿ.ಮೀ. ಚೌಕ ಪಟ್ಟಿ, ಪ್ರತಿ 40 ಮಿ.ಮೀ.ಗೆ ಒಂದರಂತೆ ಲಂಬವಾಗಿ, ಬಾಗಿಲು ಕಿಟಕಿಗಳ ಸುತ್ತ ತಪ್ಪದೆ. ಮೇಲೆ 0.5 ಮಿ.ಮೀ. ಫಲಕ ಸೇರಿದರೆ 8.3. ನಿಜವಾದ 8 ಇಂಚಿನ ಗೋಡೆ 8.5 ಆಗುತ್ತದೆ, ಅಷ್ಟು ಸಾಕು. ಪಟ್ಟಿಗಳ ನಡುವಿನ ಪ್ರತಿ ಟೊಳ್ಳಿನ ಕೆಳ ಅಂಚಿನಲ್ಲಿ 2 ಮಿ.ಮೀ. ತೂತು ಕೊರೆಯಿರಿ. ಇದನ್ನು ಬಿಡುವವರೇ ಹೆಚ್ಚು. ದ್ರವ ಸಿಮೆಂಟಿನ (ಸ್ಟೈರೀನ್ ಅಂಟಿಸುವ ದ್ರವ) ಆವಿ ಒಳಗೇ ಸಿಕ್ಕಿಕೊಂಡರೆ ಹಾಳೆ ನಿಧಾನವಾಗಿ ಮೆತ್ತಗಾಗಿ, ಬಣ್ಣವೆಲ್ಲ ಆದ ಮೇಲೆ ಪಟ್ಟಿಗಳ ನಡುವೆ ತಗ್ಗು ಬೀಳುತ್ತದೆ. ಆಗ ರಿಪೇರಿ ಇಲ್ಲ.

ಫಲಕದ ವಿಷಯ. ಗೀರುವುದು ಬೇಗ ಮುಗಿಯುತ್ತದೆ, ಬಿಡಿ ಫಲಕ ಚೆನ್ನಾಗಿ ಕಾಣುತ್ತದೆ. ನಿಜವಾದ ಸಂದು ಕಾಲು ಇಂಚು ಎಂದರೂ ನಿಮ್ಮ ಸ್ಕೇಲಿಗೆ 0.26 ಮಿ.ಮೀ. ಆದ್ದರಿಂದ 0.25 ಮಿ.ಮೀ. ಹಾಳೆಯ ಚೂರೊಂದನ್ನು ಫಲಕಗಳ ನಡುವೆ ನಿಲ್ಲಿಸಿ, ಸಿಮೆಂಟ್ ಹಿಡಿದ ಮೇಲೆ ಎಳೆದು ತೆಗೆಯಿರಿ. ಸಿಮೆಂಟನ್ನು ಫಲಕದ ಹಿಂಬದಿಯ ಮಧ್ಯಕ್ಕೆ ಹಚ್ಚಬೇಕು. ಅಂಚಿನಿಂದ ಹರಿಸಿದರೆ ಸಂದಿನೊಳಗೆ ಓಡಿ ಚೂರನ್ನೂ ಅಂಟಿಸಿಕೊಳ್ಳುತ್ತದೆ. ಗೀರುವುದೇ ಆದರೆ ಬ್ಲೇಡಿನ ಮೊನಚು ಬದಿ ಬೇಡ, ಅದು ಪ್ಲಾಸ್ಟಿಕ್ಕನ್ನು ಎರಡೂ ಪಕ್ಕಕ್ಕೆ ಒತ್ತಿ ದಿಂಡು ಎಬ್ಬಿಸುತ್ತದೆ. ಬ್ಲೇಡಿನ ಬೆನ್ನಿನಿಂದ ಹಗುರವಾಗಿ ನಾಲ್ಕೈದು ಸಲ ಎಳೆದರೆ ಪ್ಲಾಸ್ಟಿಕ್ ಎಳೆಯಾಗಿ ಹೊರಬರುತ್ತದೆ.

ಬಣ್ಣಕ್ಕೆ ಹೊಳಪಿನ ಬಿಳಿ ನೇರ ಹೊಡೆಯಬೇಡಿ. ಅದು ಮುಚ್ಚುವುದು ಕಡಿಮೆ, ಮುಚ್ಚುವಷ್ಟು ಹೊಡೆದರೆ ಸಂದು ತುಂಬುತ್ತದೆ. ಬಿಳಿ ಪ್ರೈಮರ್, ಮೇಲೆ ಚೂರು ಬೂದು ಬಣ್ಣ ಬೆರೆಸಿದ ಮ್ಯಾಟ್ (ಹೊಳಪಿಲ್ಲದ) ಬಿಳಿ ತೆಳ್ಳಗೆ ಎರಡು ಮೂರು ಕೋಟು, ಕೊನೆಗೆ ಅರೆಹೊಳಪಿನ ವಾರ್ನಿಶ್. ಪೂರ್ತಿ ಹೊಳಪು ಆಟಿಕೆಯ ಹೊಳಪಾಗುತ್ತದೆ. ಹಸಿರು ಪಟ್ಟೆಗೆ ಟೇಪು ಹಾಕಿದ ಮೇಲೆ ಅಂಚಿಗೆ ಮತ್ತೆ ಅದೇ ಬಿಳಿಯನ್ನು ಹೊಡೆದು ಒಣಗಿಸಿ, ಆಮೇಲೆ ಹಸಿರು. ಟೇಪಿನಡಿ ಸೋರುವುದೆಲ್ಲ ಬಿಳಿಯೇ ಆಗಿರುತ್ತದೆ.

ಗಾಜು ಮಂಜಾಗುವುದು ಸೂಪರ್‌ಗ್ಲೂ ಆವಿಯಿಂದ. ಗಾಜು ಕೂರಿಸಿದ ಮೇಲೆ ಮುಚ್ಚಿದ ಕಟ್ಟಡದೊಳಗೆ ಎಲ್ಲೇ ಒಂದು ಹನಿ ಬಿದ್ದರೂ ಕಿಟಕಿಗೆ ಬಿಳಿ ಪೊರೆ ಕಟ್ಟುತ್ತದೆ. ಗಾಜಿಗೆ 0.5 ಮಿ.ಮೀ. ಪಿಇಟಿಜಿ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ, ಅಂಟಾಗಿ ಒಣಗಿದರೆ ಪಾರದರ್ಶಕವಾಗುವ ಕ್ಯಾನೊಪಿ ಗ್ಲೂ. 0.25ರ ಹಾಳೆ ಬೆಳಕಿಗೆ ಅಲೆಯಲೆಯಾಗಿ ಕಾಣುತ್ತದೆ. ಬೇ ಬಾಗಿಲಿನ ಅಡ್ಡ-ಉದ್ದ ಕಂಬಿಗಳಿಗೆ 1.5 ಮಿ.ಮೀ. ಪಟ್ಟಿ, ಬಣ್ಣ ಹಚ್ಚಿಕೊಂಡೇ ಅಂಟಿಸಿ. ಹೊರಬದಿ ಮುಗಿಸಿ, ಹಾಳೆ ತಿರುಗಿಸಿ, ಆಚೆ ಕಾಣುವ ಪಟ್ಟಿಯ ಮೇಲೇ ಒಳಬದಿಯದನ್ನು ಕೂರಿಸಿದರೆ ಎರಡೂ ತಾಳೆಯಾಗುತ್ತವೆ.

ತುಕ್ಕಣ್ಣ

ಗೋಡೆ ಮುಗಿದ ಮೇಲೆ ಎಲ್ಲರೂ ಮಾಡುವ ಕೆಲಸವೆಂದರೆ ಮೇಲಿನಿಂದ ಕೆಳಗೆ ತುಕ್ಕಿನ ಗೆರೆ ಇಳಿಸುವುದು. 1940ಕ್ಕೆ ಈ ಕಟ್ಟಡ ಹೊಸದು. ಪಿಂಗಾಣಿ ಲೇಪ ಗಾಜಿನ ಜಾತಿ, ಬಿಸಿಲಿಗೆ ಮಾಸುವುದಿಲ್ಲ, ಸಿಪ್ಪೆ ಏಳುವುದಿಲ್ಲ. ಏಟು ಬಿದ್ದಲ್ಲಿ ಚಕ್ಕೆ ಹಾರಿ ಕಪ್ಪು ಉಕ್ಕು ಕಾಣುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದ. ಬೇ ಬಾಗಿಲಿನ ಮೂಲೆಯಲ್ಲಿ, ಬಂಪರ್ ಎತ್ತರದಲ್ಲಿ ಅಂಥವು ಎರಡು ಮೂರು ಸಾಕು. ಸ್ಪಂಜಿನ ಚೂರಿನಿಂದ ಕಡುಕಂದು ಚುಕ್ಕೆ, ಅದರ ಕೆಳಗೆ ಕೂದಲೆಳೆಯಷ್ಟು ಕಿತ್ತಳೆ, ಅಷ್ಟೇ. ಪಾಳುಬಿದ್ದ ಬಂಕ್ ಬೇಕಿದ್ದರೆ ಕಾಲವನ್ನೇ 1970ಕ್ಕೆ ಬದಲಿಸಿ.

ಕೊಳೆ ಇರಬೇಕಾದದ್ದು ನೆಲದಲ್ಲಿ. ಹಲಗೆಗೆ 12 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಎರಡೂ ಮುಖಕ್ಕೆ ವಾರ್ನಿಶ್, ಇಲ್ಲವಾದರೆ ಮೇಲಿನ ಗಾರೆಯ ನೀರು ಕುಡಿದು ಬಾಗುತ್ತದೆ. ಮೇಲೆ 2 ಮಿ.ಮೀ. ಗೋಡೆ ಪುಟ್ಟಿ, ಒಣಗಿದ ಮೇಲೆ 320 ನಂಬರಿನ ಕಾಗದದಲ್ಲಿ ಉಜ್ಜಿ, ಪ್ರತಿ 127 ಮಿ.ಮೀ.ಗೆ, ಅಂದರೆ 10 ಅಡಿಗೆ, ಕಾಂಕ್ರೀಟ್ ಸಂದು ಗೀರಿ. ಬಣ್ಣ ಬರಿ ಬೂದಿಯಾದರೆ ಸತ್ತಂತಿರುತ್ತದೆ, ಸ್ವಲ್ಪ ಮರಳಿನ ಬಣ್ಣ ಬೆರೆಸಿ. ಪ್ರತಿ ಚೌಕಕ್ಕೂ ಒಂದಿಷ್ಟು ಛಾಯೆ ಬದಲಿಸಿ, ಏಕೆಂದರೆ ಅವನ್ನು ಬೇರೆ ಬೇರೆಯಾಗಿ ಸುರಿದಿರುತ್ತಾರೆ. ಎಣ್ಣೆ ಕಲೆ ಕಾರು ನಿಲ್ಲುವ ಜಾಗದಲ್ಲಿ ಎರಡು ಚಕ್ರಗಳ ನಡುವೆ, ಎಂಜಿನ್ ಇರುವ ತುದಿಗೆ ಬೀಳುತ್ತದೆ. ಎಲ್ಲೆಂದರಲ್ಲಿ ಚಿಮುಕಿಸಿದರೆ ಸುಳ್ಳು ಎದ್ದು ಕಾಣುತ್ತದೆ. ಹಳೆ ಕಲೆ ಮ್ಯಾಟ್, ಹೊಸದು ಮಾತ್ರ ಹೊಳೆಯಲಿ.

ಎರಡುಬಾಗಿಲು

ಆಳ 240 ಮಾಡುತ್ತೇನೆ. ಇನ್ನೆರಡು ಪ್ರಶ್ನೆ: ಮೇಲೆ ಗಾಜಿನ ಕೊಳವೆ ಇರುವ ಹಳೆ ಪಂಪು ಇಲ್ಲಿ ನಿಲ್ಲಿಸಬಹುದೇ? ಬೇ ಒಳಗೆ ಕಾರು ಎತ್ತುವ ಲಿಫ್ಟ್ ಇರುತ್ತಿತ್ತೇ?

ಅಡಿಕೋಲು

ಗಾಜಿನ ಕೊಳವೆಯ ಪಂಪು 1920ರ ದಶಕದ್ದು. 1930ರ ದಶಕದ ಮೊದಲ ಭಾಗದಲ್ಲೇ ಗ್ಯಾಲನ್, ದರ, ಮೊತ್ತ ಮೂರನ್ನೂ ತೋರಿಸುವ ಲೆಕ್ಕದ ಪಂಪು ಬಂದಿತ್ತು. ಇಷ್ಟು ಹೊಸ ಬಂಕಿಗೆ ಅದೇ ಸರಿ. ಟೆಕ್ಸಾಕೊದ ಎರಡು ಪೆಟ್ರೋಲ್ ಬ್ರ್ಯಾಂಡ್‌ಗಳಲ್ಲಿ ಕೆಂಪು ಪಂಪು ಫೈರ್ ಚೀಫ್, ಬೆಳ್ಳಿ ಬಣ್ಣದ್ದು 1938ರಲ್ಲಿ ಬಂದ ಸ್ಕೈ ಚೀಫ್. ಒಂದೊಂದು ಇಟ್ಟರೆ ಎರಡು ಪಂಪಿಗೂ ಅರ್ಥ ಬರುತ್ತದೆ. ಮೇಲಿನ ಗ್ಲೋಬಿನ ಗಾಜು 13.5 ಇಂಚು, ಅಂದರೆ 14.3 ಮಿ.ಮೀ. ಗ್ಲೋಬ್ ಗುಂಡಗಿನ ಮಣಿಯಲ್ಲ, ಎರಡು ಬದಿ ತಟ್ಟೆಯಂತಿರುತ್ತದೆ. ಅಕ್ರಿಲಿಕ್ ಬಿಲ್ಲೆಗಳನ್ನು ಜೋಡಿಸಿ ಅಂಚು ಉಜ್ಜಿ. ಹೋಸಿಗೆ 1.2 ಮಿ.ಮೀ. ಸೋಲ್ಡರ್ ತಂತಿ ಕಪ್ಪು ಬಳಿದು ಬಗ್ಗಿಸಿ, ಜೋತುಬಿದ್ದ ಆಕಾರ ಹಾಗೇ ನಿಲ್ಲುತ್ತದೆ. ಸಿಲಿಕಾನ್ ವೈರು ಹೊರಕ್ಕೆ ಚಿಮ್ಮುತ್ತದೆ.

ಲಿಫ್ಟ್ ಇರಲೇಬೇಕು. ನೆಲದಿಂದ ಏಳುವ ಒಂಟಿ ಕಂಬದ ಲಿಫ್ಟನ್ನು ಪೀಟರ್ ಲುನಾಟಿ 1920ರ ದಶಕದಲ್ಲಿ ರೂಪಿಸಿದ. ಕಂಬ ಸುಮಾರು 10 ಇಂಚು ದಪ್ಪ ಎಂದುಕೊಂಡು 10.5 ಮಿ.ಮೀ. ಕೊಳವೆ ಸಾಕು, ಮೇಲೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಸುತ್ತಿ. 5 ಅಡಿ ಎತ್ತಿದಂತೆ ತೋರಿಸಲು 64 ಮಿ.ಮೀ. ಬೇಕು. ಅದು ಇಳಿಯುವಂತೆ ಮಾಡಲು ಹೋಗಬೇಡಿ, 12 ಮಿ.ಮೀ. ಹಲಗೆಯಲ್ಲಿ ಕಂಬ ಹೋಗಲು ಜಾಗವಿಲ್ಲ. ಎತ್ತಿದ ಸ್ಥಿತಿಯಲ್ಲೇ ಅಂಟಿಸಿ. ಎತ್ತಿದ ಕಾರಿನ ತಳ ಎದುರಿಗೇ ಕಾಣುತ್ತದೆ, ಎಕ್ಸಾಸ್ಟ್, ಆಕ್ಸಲ್ ಇರುವ ಕಿಟ್ ಕಾರೇ ಬೇಕು.

ಓಮ್_ಕಾರ

ದೀಪದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. 12 ವೋಲ್ಟ್ ಅಡಾಪ್ಟರ್, ಬೆಚ್ಚನೆ ಬಿಳಿಯ 2700–3000 ಕೆಲ್ವಿನ್ ಎಲ್‌ಇಡಿ. ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂದದ್ದೇ 1938ರಲ್ಲಿ, ಹಾಗಾಗಿ 1940ಕ್ಕೆ ಬಲ್ಬಿನ ಬಣ್ಣವೇ ಸುರಕ್ಷಿತ. ಎಲ್‌ಇಡಿಯನ್ನು 20 ಮಿಲಿಆಂಪಿಗೆ ಓಡಿಸಿದರೆ ಬೇ ಒಳಗೆ ವೆಲ್ಡಿಂಗ್ ನಡೆದಂತೆ ಕಾಣುತ್ತದೆ. 2 ಮಿಲಿಆಂಪ್ ಸಾಕು: ಒಂಟಿ ಎಲ್‌ಇಡಿಗೆ 4.7 ಕಿಲೋಓಮ್, ಮೂರನ್ನು ಸಾಲಾಗಿ ಕೊಟ್ಟರೆ 1.5 ಕಿಲೋಓಮ್. ಹಲವು ಎಲ್‌ಇಡಿಗಳನ್ನು ಸಮಾಂತರವಾಗಿ ಒಂದೇ ರೆಸಿಸ್ಟರಿಗೆ ಕಟ್ಟಬೇಡಿ, ಒಂದು ಉರಿದು ಇನ್ನೊಂದು ಮಂಕಾಗುತ್ತದೆ.

ಬಿಳಿ ಸ್ಟೈರೀನ್ ಬೆಳಕು ಬಿಡುತ್ತದೆ. ಸೀನ ಹೇಳಿದ ಗೋಡೆಯ ಹಾಳೆಗಳ ಟೊಳ್ಳಿನ ಕಡೆಯ ಮುಖಕ್ಕೆ, ಜೋಡಿಸುವ ಮೊದಲೇ, ಕಪ್ಪು ಹೊಡೆದುಬಿಡಿ. ಪಟ್ಟಿ ಅಂಟುವ ಜಾಗಕ್ಕೆ ಟೇಪು ಹಾಕಿರಿ, ಬಣ್ಣದ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ. ತಾರಸಿಯನ್ನು ಅಂಟಿಸದೆ ಎತ್ತುವಂತೆ ಇಡಿ, ಅದರ ವೈರಿಗೆ ಎರಡು ಪಿನ್ನಿನ ಪ್ಲಗ್. ಪಂಪಿನ ಗ್ಲೋಬಿಗೆ 0402 ಗಾತ್ರದ (ಸುಮಾರು 1 × 0.5 ಮಿ.ಮೀ.) ಎಲ್‌ಇಡಿ ಮತ್ತು 0.1 ಮಿ.ಮೀ. ಎನಾಮೆಲ್ ತಂತಿ. ಪಂಪಿನ ಒಳಗಿಂದ ತಂತಿ ಇಳಿಸಿ, ಕಟ್ಟೆ ಅಂಟಿಸುವ ಮೊದಲು ಒಮ್ಮೆ, ಅಂಟಿಸಿದ ಮೇಲೆ ಒಮ್ಮೆ ಉರಿಸಿ ನೋಡಿ.