1,80,000 ಕಿ.ಮೀ. ಓಡಿದ ಕಾರಿಗೆ ಎಂಜಿನ್ ಫ್ಲಶ್ ಮತ್ತು ಗೇರ್‌ಬಾಕ್ಸ್ ಕ್ಲೀನರ್ ಹಾಕಿಸಬಹುದೇ?

ಪ್ರಶ್ನೆ: ವಿಜಯನಗರದ ಸದಸ್ಯರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2012ರ ಪೆಟ್ರೋಲ್ ಸೆಡಾನ್. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದರದು. ವಾರದ ದಿನಗಳಲ್ಲಿ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಡುಕಂದು ಬಣ್ಣದ ಜಿಡ್ಡು ಕಟ್ಟಿದೆ, ಎರಡು ಸರ್ವಿಸ್‌ಗಳ ನಡುವೆ ಸುಮಾರು ಒಂದು ಲೀಟರ್ ಆಯಿಲ್ ಕಡಿಮೆಯಾಗುತ್ತಿದೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎರಡರಿಂದ ಮೂರನೆಯ ಗೇರ್‌ಗೆ ಬದಲಾಗುವ ಹೊತ್ತಿನಲ್ಲಿ ಜರ್ಕ್ ಹೊಡೆಯುತ್ತದೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಸರ್ವಿಸ್ ಪುಸ್ತಕದಲ್ಲಿಲ್ಲ. ಎಂಜಿನ್‌ಗೆ ಫ್ಲಶ್, ಗೇರ್‌ಬಾಕ್ಸ್‌ಗೆ ಕ್ಲೀನರ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ಪೀಣ್ಯದ ಸದಸ್ಯರು

ನೀವು ಹೇಳಿರುವ ಮೂರು ಲಕ್ಷಣಗಳಿಗೆ ಮೂರು ಬೇರೆ ಕಾರಣಗಳಿರಬಹುದು. ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಫ್ಲಶ್ ಡಬ್ಬಿಯ ಮಾತು.

ಒಳ್ಳೆಯ ಎಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟ್ ಮತ್ತು ಡಿಸ್ಪರ್ಸೆಂಟ್‌ಗಳು ಮೊದಲೇ ಇರುತ್ತವೆ. ಅವು ಕೊಳೆಯನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿ ಆಯಿಲ್‌ನಲ್ಲಿ ತೇಲುವಂತೆ ಇಡುತ್ತವೆ, ಆಯಿಲ್ ಇಳಿಸಿದಾಗ ಆ ಕೊಳೆಯೂ ಹೊರಹೋಗುತ್ತದೆ. ಫ್ಲಶ್ ಎಂಬುದು ಹಳೆಯ ಆಯಿಲ್‌ಗೆ ಬೆರೆಸಿ, ಹತ್ತು ಹದಿನೈದು ನಿಮಿಷ ಐಡಲ್‌ನಲ್ಲಿ ಓಡಿಸಿ ಇಳಿಸುವ ತೀಕ್ಷ್ಣವಾದ ದ್ರಾವಕ. ವರ್ಷಗಟ್ಟಲೆ ಕಟ್ಟಿದ ಜಿಡ್ಡು ಅಷ್ಟು ಬೇಗ ಕರಗದೆ ಹಪ್ಪಳಿಕೆಗಳಾಗಿ ಕಳಚಿಕೊಂಡರೆ, ಅವು ಎಂಜಿನ್ನಿನ ತಳದ ಆಯಿಲ್ ಚೇಂಬರ್‌ನಲ್ಲಿರುವ, ಆಯಿಲ್ ಪಂಪಿನ ಸ್ಟ್ರೈನರ್‌ಗೆ (ಸೋಸುವ ಜಾಲರಿಗೆ) ಅಡ್ಡಲಾಗಿ ಕೂತು, ಆಯಿಲ್ ಒತ್ತಡ ಕುಸಿದು, ಬೇರಿಂಗುಗಳೇ ಹಾಳಾಗುವ ಸಂಭವವಿದೆ. ಹೆಚ್ಚು ಕೊಳೆ ಇರುವ ಎಂಜಿನ್‌ಗೇ ಫ್ಲಶ್ ಹೆಚ್ಚು ಅಪಾಯಕಾರಿ ಎಂಬುದನ್ನು ಡಬ್ಬಿಯ ಮೇಲೆ ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ.

ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಭಾಗದ ಮುಚ್ಚಳ) ಬಿಚ್ಚಿಸಿ ಒಳಗೆ ನೋಡಿ. ತೆಳುವಾದ ಕಂದು ಲೇಪ ಮಾತ್ರ ಇದ್ದರೆ ಚಿಂತೆಯಿಲ್ಲ. ಗಟ್ಟಿ ಜಿಡ್ಡು ಇದ್ದರೆ ಆಯಿಲ್ ಚೇಂಬರ್ ಇಳಿಸಿ ಸ್ಟ್ರೈನರ್ ತೊಳೆಸುವುದೇ ಸರಿಯಾದ ದಾರಿ. ಪಿಸಿವಿ ವಾಲ್ವ್ (ಎಂಜಿನ್ನಿನೊಳಗೆ ಸೇರುವ ಅನಿಲವನ್ನು ಹೊರಬಿಡುವ ಕವಾಟ) ಕಟ್ಟಿಕೊಂಡಿದೆಯೇ ಎಂಬುದನ್ನೂ ಪರೀಕ್ಷಿಸಿ. ಕಡಿಮೆ ಬೆಲೆಯ ಆ ಭಾಗ ಮುಚ್ಚಿಹೋದರೆ ಜಿಡ್ಡು ಕಟ್ಟುವುದೂ ಆಯಿಲ್ ಖರ್ಚಾಗುವುದೂ ಎರಡೂ ಹೆಚ್ಚುತ್ತವೆ. ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್‌ಗಳ (ವಾಲ್ವ್ ಪಕ್ಕದಿಂದ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಭಾಗಗಳ) ಕಡೆ ಅನುಮಾನಪಡಬೇಕು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಒತ್ತಡ ಕಡಿಮೆ ಬಂದು, ಸಿಲಿಂಡರ್‌ಗೆ ಒಂದಿಷ್ಟು ಆಯಿಲ್ ಬಿಟ್ಟ ಮೇಲೆ ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ ಎಂದರ್ಥ. ಗಟ್ಟಿಯಾದ ಸೀಲನ್ನಾಗಲಿ ಸವೆದ ಬೋರನ್ನಾಗಲಿ ತೊಳೆಯುವ ಯಾವ ದ್ರಾವಕವೂ ಸರಿಮಾಡಲಾರದು.

ಇನ್ನೊಂದು ಮಾತು. ನಮ್ಮ ಊರಿನ ಟ್ರಾಫಿಕ್‌ನಲ್ಲಿ ಕಿಲೋಮೀಟರ್ ಲೆಕ್ಕ ಹಾದಿ ತಪ್ಪಿಸುತ್ತದೆ. ಗಂಟೆಗೆ ಸರಾಸರಿ 15 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಮುಗಿಸಲು ಎಂಜಿನ್ ಸುಮಾರು 670 ಗಂಟೆ ಓಡಬೇಕು. ಹೆದ್ದಾರಿಯಲ್ಲಿ ಸರಾಸರಿ 60 ಇದ್ದರೆ ಸುಮಾರು 170 ಗಂಟೆ ಸಾಕು. ಆದ್ದರಿಂದ ತಯಾರಕರು ಹೇಳಿದ ಗ್ರೇಡಿನ ಆಯಿಲನ್ನು ಫಿಲ್ಟರ್ ಸಮೇತ ಮುಂದಿನ ಎರಡು ಮೂರು ಬಾರಿ 3,000 ಕಿ.ಮೀ.ಗೊಮ್ಮೆ, ಅನಂತರ 5,000ಕ್ಕೊಮ್ಮೆ ಬದಲಿಸಿ. ನಿಧಾನವಾದರೂ ಕೊಳೆ ಇಳಿಯುತ್ತದೆ, ಸ್ಟ್ರೈನರ್ ಕಟ್ಟಿಕೊಳ್ಳುವ ಭಯವೂ ಕಡಿಮೆ.

ಉತ್ತರ: ಬನಶಂಕರಿಯ ಸದಸ್ಯರು

ಎಂಜಿನ್ ಬಗ್ಗೆ ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಆಯಿಲ್ ತಪ್ಪದೆ ಬದಲಿಸಿದ ದಾಖಲೆಯಿದ್ದು, ಒಳಗೆ ಜಿಡ್ಡಿಲ್ಲದ ಎಂಜಿನ್‌ಗೆ ಸೌಮ್ಯವಾದ ಫ್ಲಶ್‌ನಿಂದ ಹಾನಿಯಾಗುವ ಸಾಧ್ಯತೆ ಕಡಿಮೆ ಎಂಬುದನ್ನೂ ಹೇಳಬೇಕು. ಅಂಥ ಎಂಜಿನ್‌ಗೆ ಅದರ ಅಗತ್ಯವೂ ಅಷ್ಟಾಗಿ ಇರುವುದಿಲ್ಲ, ಅದು ಬೇರೆ ವಿಷಯ. ಪೆಟ್ರೋಲ್ ಟ್ಯಾಂಕಿಗೆ ಹಾಕುವ, ಪಾಲಿಈಥರ್‌ಅಮೈನ್ (ಕೊಳೆ ಬಿಡಿಸುವ ರಾಸಾಯನಿಕ) ಇರುವ ಕ್ಲೀನರ್‌ಗಳು ಇಂಜೆಕ್ಟರ್‌ಗಳನ್ನು ನಿಜವಾಗಿಯೂ ಶುಚಿ ಮಾಡುತ್ತವೆ. ಆದರೆ ನಿಮ್ಮ ಮೂರು ತೊಂದರೆಗಳಲ್ಲಿ ಒಂದಕ್ಕೂ ಅವು ನೇರವಾದ ಮದ್ದಲ್ಲ.

ಉತ್ತರ: ಮಲ್ಲೇಶ್ವರದ ಸದಸ್ಯರು

ಗೇರ್‌ಬಾಕ್ಸ್ ಕುರಿತು ನನ್ನ ಅಭಿಪ್ರಾಯ ಇನ್ನೂ ಕಟ್ಟುನಿಟ್ಟಾಗಿದೆ: ಅದಕ್ಕೆ ತಯಾರಕರು ಸೂಚಿಸಿದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್) ಬಿಟ್ಟು ಬೇರೇನನ್ನೂ ಹಾಕಿಸಬೇಡಿ. ಆ ದ್ರವ ಬರಿಯ ಜಾರುಎಣ್ಣೆಯಲ್ಲ. ಗೇರ್ ಬದಲಾವಣೆಯನ್ನು ನಿಯಂತ್ರಿಸುವ ವಾಲ್ವ್ ಬಾಡಿಯನ್ನು ನಡೆಸುವ ಒತ್ತಡವೂ ಅದರದ್ದೇ, ಕ್ಲಚ್ ಪ್ಲೇಟ್‌ಗಳು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಎಂಬುದನ್ನು ನಿರ್ಧರಿಸುವ ಅಂಶಗಳೂ ಅದರಲ್ಲಿವೆ. ಹೊರಗಿನ ರಾಸಾಯನಿಕ ಬೆರೆತರೆ ಆ ಹದ ಕೆಡಬಹುದು. ಸಿವಿಟಿ (ಬೆಲ್ಟ್ ಮತ್ತು ಪುಲ್ಲಿಗಳಿಂದ ನಡೆಯುವ ಗೇರ್‌ಬಾಕ್ಸ್) ಇರುವವರು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಅಲ್ಲಿ ಬೆಲ್ಟ್ ಮತ್ತು ಪುಲ್ಲಿಗಳ ಹಿಡಿತವೇ ಆ ದ್ರವವನ್ನು ಅವಲಂಬಿಸಿದೆ.

ತಣ್ಣಗಿದ್ದಾಗ ಮಾತ್ರ ಜರ್ಕ್ ಹೊಡೆಯುವುದಕ್ಕೆ ಹಳತಾದ ದ್ರವ, ಕಡಿಮೆ ಮಟ್ಟ, ಸೊಲೆನಾಯ್ಡ್ (ದ್ರವದ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟ) ದೋಷ, ಕುಸಿದ ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಧಾರ) ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಮಟ್ಟವನ್ನು ಕಂಪನಿ ಕೈಪಿಡಿಯಲ್ಲಿ ಹೇಳಿರುವ ಉಷ್ಣತೆಯಲ್ಲೇ ನೋಡಿಸಿ, ಸ್ಕ್ಯಾನರ್ ಹಾಕಿಸಿ ದೋಷದ ಕೋಡ್‌ಗಳನ್ನು ಓದಿಸಿ.

ಮರುಪ್ರಶ್ನೆ: ವಿಜಯನಗರದ ಸದಸ್ಯರು

ಎಲ್ಲರಿಗೂ ಧನ್ಯವಾದಗಳು. ಇಷ್ಟು ಹಳೆಯ ಎಟಿಎಫ್ ಬದಲಿಸಿದರೆ ಗೇರ್ ಜಾರತೊಡಗುತ್ತದೆ, ಮುಟ್ಟದಿರುವುದೇ ಲೇಸು ಎಂದು ಇನ್ನೊಬ್ಬ ಮೆಕ್ಯಾನಿಕ್ ಹೆದರಿಸಿದ್ದಾರೆ. ಇದು ನಿಜವೇ?

ಉತ್ತರ: ಮಲ್ಲೇಶ್ವರದ ಸದಸ್ಯರು

ಆ ಭಯಕ್ಕೆ ಸ್ವಲ್ಪ ಆಧಾರವಿದೆ. ಸವೆದ ಕ್ಲಚ್ ಪ್ಲೇಟ್‌ಗಳ ಪುಡಿ ಹಳೆಯ ದ್ರವದಲ್ಲಿ ತೇಲುತ್ತಾ ಒಂದಿಷ್ಟು ಹಿಡಿತ ಕೊಡುತ್ತಿರಬಹುದು, ಹೊಸ ದ್ರವ ಬಂದಾಗ ಮೊದಲೇ ಆಗಿದ್ದ ಸವೆತ ಬಯಲಾಗುತ್ತದೆ. ಹಾಗಾಗಿ ಮೊದಲು ಸ್ವಲ್ಪ ದ್ರವವನ್ನು ಬಿಳಿ ಬಟ್ಟೆಯ ಮೇಲೆ ಹನಿಸಿ ನೋಡಿ. ಕೆಂಪು ಮಾಸಿ ಕಂದಾಗಿದ್ದರೆ ಬದಲಿಸಬಹುದು. ಕಪ್ಪಾಗಿ, ಸುಟ್ಟ ವಾಸನೆ ಬಂದು, ಗೇರ್‌ಬಾಕ್ಸ್ ತಳದ ಪ್ಯಾನ್‌ನ ಅಯಸ್ಕಾಂತಕ್ಕೆ ಲೋಹದ ಚೂರುಗಳು ಅಂಟಿದ್ದರೆ ಹೊಸ ದ್ರವಕ್ಕೆ ಹಣ ಸುರಿಯುವ ಮೊದಲು ಗೇರ್‌ಬಾಕ್ಸ್ ತಜ್ಞರಿಗೆ ತೋರಿಸಿ.

ಬದಲಿಸುವುದಾದರೆ ಯಂತ್ರದಿಂದ ಒತ್ತಡ ಹಾಕಿ ತೊಳೆಯುವ ವಿಧಾನ ಬೇಡ. ಪ್ಲಗ್ ಬಿಚ್ಚಿ ಇಳಿಸಿದರೆ ಸಾಮಾನ್ಯವಾಗಿ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ದ್ರವ ಮಾತ್ರ ಹೊರಬರುತ್ತದೆ, ಉಳಿದದ್ದರ ಬಹುಪಾಲು ಟಾರ್ಕ್ ಕನ್ವರ್ಟರ್‌ನಲ್ಲೇ ನಿಲ್ಲುತ್ತದೆ. ಇಳಿದಷ್ಟನ್ನೇ ಅಳೆದು ಹೊಸದು ತುಂಬಿಸಿ, ಸಾವಿರ ಕಿಲೋಮೀಟರ್ ಓಡಿಸಿ ಗೇರ್ ಬದಲಾಗುವ ರೀತಿಯನ್ನು ಗಮನಿಸಿ, ತೃಪ್ತಿಕರವಾಗಿದ್ದರೆ ಅದೇ ಕ್ರಮದಲ್ಲಿ ಮತ್ತೊಮ್ಮೆ ಮಾಡಿಸಿ. ಎರಡನೆಯ ಸಲ ಫಿಲ್ಟರ್ ಮತ್ತು ಪ್ಯಾನ್ ಗ್ಯಾಸ್ಕೆಟ್ ಕೂಡ ಬದಲಿಸಿದರೆ ಒಳ್ಳೆಯದು. ಎರಡೂ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗಬಹುದು. ಕಾರಿನ ಚಾಸಿ ಸಂಖ್ಯೆ ಬರೆದುಕೊಂಡು ಹೋಗಿ.