ಬಾಲದ ಬುಡದಲ್ಲಿ ಕೆರೆತ: ಕೋಳಿ ನಿಲ್ಲಿಸಿದರೂ ಕಡಿಮೆ ಆಗುತ್ತಿಲ್ಲ

ಚಿಂತಾಮಣಿ ಹುಡುಗ:
ನಮ್ಮ ಕರಿಯ ನಾಟಿ ನಾಯಿ, ಮೂರು ವರ್ಷ. ಒಂದು ತಿಂಗಳಿಂದ ಬಾಲದ ಬುಡ ಕಚ್ಚಿ ಕಚ್ಚಿ ಕೂದಲೇ ಉದುರಿದೆ. ರಾತ್ರಿಯೆಲ್ಲ ಸರಪಳಿ ಸದ್ದು, ಮನೇಲಿ ಯಾರಿಗೂ ನಿದ್ದೆ ಇಲ್ಲ. ಊಟ ಮುದ್ದೆ, ಮಜ್ಜಿಗೆ, ಭಾನುವಾರ ಕೋಳಿ. ಕೋಳಿ ಅಲರ್ಜಿ ಅಂದರು, ನಿಲ್ಲಿಸಿ ಹತ್ತು ದಿನ ಆಯಿತು. ಹಾಗೇ ಇದೆ. ಪಕ್ಕದ ಮನೆ ತಾತ ಸುಟ್ಟ ಇಂಜಿನ್ ಆಯಿಲ್ ಬಳಿ ಅಂತಾರೆ. ಬಳಿಯಲಾ?

ತೋಟದಮನೆ:
ಆಯಿಲ್ ಬೇಡವೇ ಬೇಡ ಅಣ್ಣ. ನೆಕ್ಕಿದರೆ ವಿಷ, ಚರ್ಮವೂ ಹಾಳು. ಎಲ್ಲಿ ಕೆರೆಯುತ್ತದೆ ಅನ್ನೋದೇ ಮುಖ್ಯ. ಕಿವಿ, ಪಾದ, ಹೊಟ್ಟೆ ಕೆಳಗೆ ಅಂದರೆ ಊಟವನ್ನೋ ಧೂಳು, ಪರಾಗವನ್ನೋ ಅನುಮಾನಿಸಬಹುದು. ಬಾಲದ ಬುಡ, ಸೊಂಟ, ಹಿಂದೊಡೆ ಅಂದರೆ ಮೊದಲ ಅನುಮಾನ ಚಿಗಟದ ಮೇಲೆ. ಅದರ ಜೊಲ್ಲು ಕೆಲವು ನಾಯಿಗೆ ಒಗ್ಗುವುದಿಲ್ಲ. ಒಂದೆರಡು ಕಚ್ಚಿದರೂ ದಿನಗಟ್ಟಲೆ ಕೆರೆತ. ಹೇನಿನ ಬಾಚಣಿಗೆಯಲ್ಲಿ ಬಾಚಿ. ಕರಿ ಪುಡಿ ಬಿದ್ದರೆ ಒದ್ದೆ ಬಿಳಿ ಬಟ್ಟೆ ಮೇಲೆ ಒತ್ತಿ. ಕೆಂಪಗೆ ಹರಡಿದರೆ ಮಣ್ಣಲ್ಲ, ಚಿಗಟದ ಹಿಕ್ಕೆ.

ಚಿಂತಾಮಣಿ ಹುಡುಗ:
ಒಂದೂ ಚಿಗಟ ಸಿಗಲಿಲ್ಲ. ಆದರೆ ಅಪ್ಪನ ಹಳೇ ಪಂಚೆ ಕೆಂಪಾಯಿತು! ಇನ್ನು ಕೋಳಿ ಕೊಡಬಹುದಾ?

ತೋಟದಮನೆ:
ಕೊಡಿ, ಬೆಂದ ಮೂಳೆ ಮಾತ್ರ ಬೇಡ. ಊಟದ ಅಲರ್ಜಿ ಹತ್ತು ದಿನಕ್ಕೆ ಗೊತ್ತಾಗುವುದಿಲ್ಲ. ಹಿಂದೆ ತಿಂದೇ ಇಲ್ಲದ ಮೀನೋ ಮಾಂಸವೋ, ಜೊತೆಗೆ ಹೊಸದೇ ಒಂದು ಗೆಡ್ಡೆ, ಅಷ್ಟೇ ಎಂಟು ವಾರ ಹಾಕಬೇಕು. ಆಮೇಲೆ ಹಳೇ ಊಟ ಕೊಟ್ಟಾಗ ಕೆರೆತ ಮರಳಿದರೇನೇ ಖಾತ್ರಿ. ನಮ್ಮನೇಲಿ ಐದನೇ ವಾರ ಅಜ್ಜಿ ಕದ್ದು ಬನ್ ಹಾಕಿಬಿಟ್ಟರು. ಮತ್ತೆ ಮೊದಲಿಂದ!

ಈಗ ಪಶುವೈದ್ಯರ ಹತ್ತಿರ ತೂಕ ನೋಡಿಸಿ, ಚಿಗಟದ ಮಾತ್ರೆಯೋ ಬೆನ್ನಿಗೆ ಬಿಡುವ ಹನಿಯೋ ಬರೆಸಿಕೊಳ್ಳಿ. ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ, ಕೆಲವು ಮಾತ್ರೆ ಅಂಥ ನಾಯಿಗೆ ಆಗುವುದಿಲ್ಲ. ಗಾಯದಲ್ಲಿ ಕೀವು, ವಾಸನೆ ಇದ್ದರೆ ಅದಕ್ಕೆ ಬೇರೆ ಔಷಧಿ ಬೇಕು. ಮಲಗುವ ಗೋಣಿಚೀಲ ಬಿಸಿನೀರಲ್ಲಿ ಒಗೆಯಿರಿ. ನಿಮ್ಮ ಕಡೆ ರೇಷ್ಮೆ ಹುಳ ನೋಡಿರ್ತೀರಲ್ವಾ, ಚಿಗಟದ ಮರಿಯೂ ಹಾಗೇ ಗೂಡು ಕಟ್ಟುತ್ತದೆ. ಗೂಡಿನಿಂದ ವಾರಗಟ್ಟಲೆ ಹೊಸ ಚಿಗಟ ಬರುತ್ತಲೇ ಇರುತ್ತವೆ. ಹಾಗಾಗಿ ಒಂದೇ ಸಲ ಔಷಧಿ ಹಾಕಿ ಸುಮ್ನೆ ಇರಬೇಡಿ, ಮೂರು ತಿಂಗಳಾದರೂ ಮುಂದುವರಿಸಿ.

ಚಿಂತಾಮಣಿ ಹುಡುಗ:
ಬೆಕ್ಕೂ ಒಂದಿದೆ. ಅದೇ ಹನಿ ಹಾಕಲಾ?

ತೋಟದಮನೆ:
ಅಯ್ಯೋ ಬೇಡ! ನಾಯಿಯದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು. ಬೆಕ್ಕಿಗೂ ಔಷಧಿ ಬೇಕೇ ಬೇಕು, ಆದರೆ ಅದರದೇ ಬರೆಸಿಕೊಳ್ಳಿ.

ಚಿಂತಾಮಣಿ ಹುಡುಗ:
ಮೂರು ವಾರ ಆಯಿತು. ಸರಪಳಿ ಸದ್ದು ನಿಂತಿದೆ, ಕೂದಲು ಸಣ್ಣಗೆ ಬರುತ್ತಿದೆ. ತಾತ ಮಾತ್ರ ಇನ್ನೂ ಆಯಿಲ್ ಡಬ್ಬ ತೋರಿಸುತ್ತಾರೆ.